ಹನ್ನೊಂದನೇ ಡಬ್ಬಿ

ಆ ಮನೆಯಲ್ಲಿ ಒಲೆ ಎರಡಾಗಿ ಐದು ತಿಂಗಳಾಗಿತ್ತು. ಸಾಮಾನ್ಯವಾಗಿ ಅಣ್ಣತಮ್ಮಂದಿರು ಪಾಲಾದಾಗ ಒಲೆ ಬೇರೆಯಾಗುತ್ತದೆ. ಇಲ್ಲಿ ಬೇರೆಯಾದವರು ಗಂಡ ಹೆಂಡತಿ. ಹಾಸಿಗೆ ಒಂದೇ, ಸೋಪು ಒಂದೇ, ಮುಂಬಾಗಿಲ ಬೀಗದ ಕೈ ಒಂದೇ. ಅನ್ನ ಮಾತ್ರ ಬೇರೆ.

ಒಳಗಿನ ಅಡುಗೆಮನೆ ಹೆಂಡತಿಯದು. ಅಲ್ಲಿ ದಿನಾ ಬೆಳಗ್ಗೆ ಹದಿನಾರು ಡಬ್ಬಿಗಳಿಗಾಗುವಷ್ಟು ಅಡುಗೆ ಆಗುತ್ತಿತ್ತು. ಡಬ್ಬಿಗಳೆಲ್ಲ ಹೊರದೇಶದಿಂದ ಕೂಲಿಗೆ ಬಂದ ಗಾರೆ ಕೆಲಸದವರವು. ಊರಾಚೆ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ಅವರ ಕೆಲಸ. ಅವರ ಹೆಸರುಗಳಿಗೆ ನಾಲಿಗೆ ಹೊರಳದೆ ಅವಳು ಮುಚ್ಚಳಗಳ ಮೇಲೆ ಒಂದರಿಂದ ಹದಿನಾರರವರೆಗೆ ಬಣ್ಣದಲ್ಲಿ ನಂಬರು ಬರೆದಿದ್ದಳು. ಮಧ್ಯಾಹ್ನ ತಳ್ಳುಗಾಡಿ ನೂಕಿಕೊಂಡು ಹೋಗಿ ಕಟ್ಟಡದ ಗೇಟಿನಲ್ಲಿ ನಿಂತು ನಂಬರು ಕೂಗುತ್ತಿದ್ದಳು. ಅವಳ ಹೆಸರಿಗೆ ಅವರ ನಾಲಿಗೆಯೂ ಹೊರಳುತ್ತಿರಲಿಲ್ಲ, ಊಟದಮ್ಮ ಎನ್ನುತ್ತಿದ್ದರು. ಲೆಕ್ಕ ಸರಿಹೋಗಿತ್ತು.

ಹಿತ್ತಿಲ ಜಗಲಿಯ ಸೀಮೆಎಣ್ಣೆ ಸ್ಟೌ ಗಂಡನದು. ಇಪ್ಪತ್ತಾರು ವರ್ಷ ಊರವರ ಗೋಡೆಗೆ ಗಾರೆ ಮಾಡಿದ ಅವನಿಗೆ ಎಡಗೈ ಮೇಸ್ತ್ರಿ ಎಂದೇ ಹೆಸರು. ಕರಣೆ ಹಿಡಿಯುತ್ತಿದ್ದುದು ಎಡಗೈಯಲ್ಲಿ, ಹಲಗೆ ಹಿಡಿದು ಗಾರೆ ಉಜ್ಜುತ್ತಿದ್ದುದೂ ಎಡಗೈಯಲ್ಲಿ. ಉಜ್ಜಿದ ಗೋಡೆಯ ಮೇಲೆ ಎಲ್ಲರ ಕೈಯೂ ಕಮಾನಿನ ಹಾಗೆ ಸಣ್ಣ ಗೆರೆ ಬಿಡುತ್ತದೆ. ಉಳಿದವರ ಕಮಾನು ಬಲಕ್ಕೆ ವಾಲಿದರೆ ಇವನದು ಎಡಕ್ಕೆ ವಾಲುತ್ತಿತ್ತು. ಮನೆಯ ಅಡುಗೆಮನೆ ಗೋಡೆಯನ್ನು ಮದುವೆಯಾದ ವರ್ಷ ಅವನೇ ಉಜ್ಜಿದ್ದ. ಬಣ್ಣ ಹೊಡೆಯುತ್ತೇನೆ ಎಂದವನು ಇನ್ನೂ ಹೊಡೆದಿರಲಿಲ್ಲ. "ಊರ ಗೋಡೆಗೆಲ್ಲ ಬಟ್ಟೆ, ಮೇಸ್ತ್ರಿ ಮನೆ ಗೋಡೆ ಮಾತ್ರ ಬರೀ ಮೈ" ಎಂದು ಹೆಂಡತಿ ಮೊದಲೆಲ್ಲ ಹಂಗಿಸುತ್ತಿದ್ದಳು. ಆಮೇಲೆ ರೂಢಿಯಾಯಿತು. ಇಪ್ಪತ್ತೆರಡು ವರ್ಷ ಆ ಎಡವಾಲಿನ ಕಮಾನುಗಳನ್ನು ನೋಡುತ್ತಲೇ ಅನ್ನ ಬಸಿದಿದ್ದಳು.

"ನನ್ನ ಅನ್ನ ಕಿತ್ಕೊಂಡೋರ ಪಾತ್ರೆಯಿಂದ ನಾನು ಉಣ್ಣಲ್ಲ" ಎಂದು ಮೇಸ್ತ್ರಿ ಹೇಳಿದ ದಿನ ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಉಣ್ಣಬೇಡಿ. ಸ್ಟೌಗೆ ಎಣ್ಣೆ ಯಾರ ದುಡ್ಡಲ್ಲಿ ಬಂತು ಅಂತ ಮಾತ್ರ ಕೇಳಬೇಡಿ."

ಅವನು ಕೇಳಲಿಲ್ಲ. ಎರಡು ಹೊತ್ತೂ ಆಲೂಗಡ್ಡೆ, ಮೊಟ್ಟೆ ಬೇಯಿಸಿಕೊಂಡು ಉಪ್ಪು ಹಚ್ಚಿ ತಿಂದ. ಅವನ ತಾಯಿಗೆ, ಅಂದರೆ ಆ ಮನೆಯ ಅಜ್ಜಿಗೆ, ಯಾವ ಒಲೆಯ ಮೇಲೂ ದ್ವೇಷವಿರಲಿಲ್ಲ. ಒಳಗೆ ಅನ್ನ ಉಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದು ಮಗನ ತಟ್ಟೆಯಿಂದ ಒಂದು ಆಲೂಗಡ್ಡೆ ಎತ್ತಿಕೊಳ್ಳುತ್ತಿದ್ದಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅದೇ ಬಾಯಲ್ಲಿ ಹೇಳುತ್ತಿದ್ದಳು.

ಅನ್ನ ಕಿತ್ತುಕೊಂಡ ಕಥೆ ಇಷ್ಟೇ. ಹೊರಗಿನವರು ಬಂದ ಮೇಲೆ ಕಂಟ್ರಾಕ್ಟರು ಗಾರೆ ಕೆಲಸದ ದರ ಇಳಿಸಿದ. ಮೊದಲು ಒಂದು ಗೋಡೆಗೆ ಕೊಡುತ್ತಿದ್ದುದನ್ನು ಈಗ ಒಂದೂವರೆ ಗೋಡೆಗೆ ಕೊಟ್ಟ. ಇಷ್ಟವಿದ್ದರೆ ಮಾಡಿ, ಇಲ್ಲದಿದ್ದರೆ ಸಾಲಿನಲ್ಲಿ ಬೇರೆಯವರಿದ್ದಾರೆ ಎಂದ. ಮೇಸ್ತ್ರಿ ಆ ಕಟ್ಟಡದಲ್ಲೇ ಆ ದರಕ್ಕೆ ಮೂರು ವಾರ ದುಡಿದ. ಬೆಳಗಾಗುವ ಮೊದಲು ಹೋಗಿ ಕತ್ತಲಾದ ಮೇಲೆ ಬಂದ. ನಾಲ್ಕನೇ ವಾರ ಕರಣೆಯನ್ನು ಚೀಲಕ್ಕೆ ಹಾಕಿ ಮನೆಗೆ ಬಂದು ಕುಳಿತ. ಹೊರಗಿನವರ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಿದ್ದವನು ಆ ಮೂರು ವಾರಗಳ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ಅವರಿಗೆ ಕೆಲಸ ಗೊತ್ತಿಲ್ಲ" ಎನ್ನುತ್ತಿದ್ದ. "ಇಟ್ಟಿಗೆಗೆ ಹಿಂದಿನ ದಿನವೇ ನೀರು ಕುಡಿಸಬೇಕು. ಬಾಯಾರಿದ ಗೋಡೆಗೆ ಗಾರೆ ಮೆತ್ತಿದ್ರೆ ಅದು ಗಾರೆಯಲ್ಲಿರೋ ನೀರನ್ನೇ ಹೀರಿಬಿಡುತ್ತೆ. ಮೇಲೆ ಚಂದ, ಒಳಗೆ ಪೊಳ್ಳು."

ಬೀದಿಯವರೆಲ್ಲ ಹೌದು ಹೌದು ಎನ್ನುತ್ತಿದ್ದರು. ಹಾಗೆನ್ನುತ್ತಿದ್ದ ಬ್ರೆಡ್ ಅಂಗಡಿಯವನು ಹೊರಗಿನವರ ದೆಸೆಯಿಂದ ಎರಡನೇ ಒಲೆಗೂಡು ಕಟ್ಟಿಸಿದ್ದ. ದರ್ಜಿ ಅವರ ಕೆಲಸದ ಅಂಗಿ ಹೊಲಿದು ಹೊಸ ಮಿಷನ್ನು ತಂದಿದ್ದ. ಹಿತ್ತಿಲಲ್ಲಿ ಕೋಳಿಗೂಡು ಇದ್ದವರು ಕೋಳಿ ಮಾರಿ ಅದಕ್ಕೊಂದು ಬಾಗಿಲಿಟ್ಟು ಬಾಡಿಗೆಗೆ ಕೊಟ್ಟಿದ್ದರು. ಅದೇ ಬೀದಿಯ ಬಡಗಿಗೆ, ಬಣ್ಣದವನಿಗೆ ಕೆಲಸ ಕಡಿಮೆಯಾಗಿತ್ತು. ಬೀದಿ ಅವರಿಂದ ಬದುಕುತ್ತಿತ್ತು, ಅವರನ್ನೇ ಬೈಯುತ್ತಿತ್ತು. ಎರಡಕ್ಕೂ ಕಾರಣವಿತ್ತು.

ಮೇಸ್ತ್ರಿಯ ಮನೆಯೂ ಬೇರೆಯಲ್ಲ. ಮಹಡಿ ಮೇಲಿನ ತಗಡಿನ ಕೋಣೆಯಲ್ಲಿ ಹನ್ನೊಂದನೇ ಡಬ್ಬಿಯವನು ಬಾಡಿಗೆಗಿದ್ದ. ಮಗಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಯಾರು ಯಾವ ಕೋಣೆ ಮಾಡಿದರು, ಯಾರ ಕೆಲಸದ ಪರವಾನಗಿ ಎಂದಿಗೆ ಮುಗಿಯುತ್ತದೆ ಎಂದು ಬರೆಯುತ್ತಿದ್ದಳು. ಅವರು ಬರದಿದ್ದರೆ ಅವಳಿಗೆ ಆ ಕುರ್ಚಿಯೂ ಇರುತ್ತಿರಲಿಲ್ಲ.

ಒಂದು ಸಂಜೆ ಅವಳೇ ಸುದ್ದಿ ತಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು. "ಅಪ್ಪ, ಕಂಟ್ರಾಕ್ಟರ್ ನಿನ್ನ ಕರೀತಿದಾರೆ."

"ಆ ದರಕ್ಕೆ ನಾನು ಕರಣೆ ಮುಟ್ಟಲ್ಲ ಅಂತ ಹೇಳು."

"ಕರಣೆ ಮುಟ್ಟೋದು ಬೇಡವಂತೆ. ಗೋಡೆ ಪರೀಕ್ಷೆ ಮಾಡಬೇಕಂತೆ. ಕೋಲು ತಗೊಂಡು ಬಡೀತಾ ಹೋಗೋದು, ಪೊಳ್ಳಿದ್ದ ಕಡೆ ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕೋದು. ಅರವತ್ತು ಜನ ಇದಾರೆ, ನಮ್ಮ ಭಾಷೆ ಬರಲ್ಲ. ಕೆಲಸನೂ ಗೊತ್ತಿರೋ, ಮಾತೂ ಗೊತ್ತಿರೋ ನಮ್ಮೋನೊಬ್ಬ ಬೇಕಂತೆ. ತಿಂಗಳ ಸಂಬಳ."

ಸಂಬಳ ಎಷ್ಟೆಂದು ಹೇಳಿದಳು. ಮೇಸ್ತ್ರಿ ಒಳ್ಳೆಯ ಕಾಲದಲ್ಲೂ ಅಷ್ಟು ದುಡಿದಿರಲಿಲ್ಲ. ಬೇಯುತ್ತಿದ್ದ ಆಲೂಗಡ್ಡೆಯನ್ನು ಚಮಚದಿಂದ ಚುಚ್ಚಿ ನೋಡಿದ.

"ಅವರು ಬಂದಿದ್ದಕ್ಕೆ ಕೆಲಸ ಹೋಯ್ತು, ಅವರು ಬಂದಿದ್ದಕ್ಕೆ ಕೆಲಸ ಬಂತು" ಎಂದಳು ಹೆಂಡತಿ ಒಳಗಿನಿಂದ. "ಇನ್ನೇನು ಬೇಕು?"

"ಕೈ ಕೆಸರಾದರೆ ಬಾಯಿ ಮೊಸರು ಅಂತಿದ್ರು" ಎಂದಳು ಅಜ್ಜಿ. "ನಿನಗೆ ಕೆಸರಿಲ್ಲದೆ ಮೊಸರು ಬರ್ತಿದೆ. ಹೋಗೋ ಮಗನೇ."

ಸೋಮವಾರ ಅವನು ಹೋದ. ಕೈಯಲ್ಲಿ ಕೋಲು, ಜೇಬಿನಲ್ಲಿ ಕೆಂಪು ಸೀಮೆಸುಣ್ಣ, ಚೀಲದಲ್ಲಿ ಎರಡು ಆಲೂಗಡ್ಡೆ.

ಕೆಲಸ ಕಷ್ಟದ್ದೇನಲ್ಲ. ಗೋಡೆಗೆ ಕಿವಿ ಹತ್ತಿರ ಇಟ್ಟು ಕೋಲಿನಿಂದ ಮೆಲ್ಲಗೆ ಬಡಿಯುವುದು. ಗಾರೆ ಹಿಡಿದಿದ್ದರೆ ಗಟ್ಟಿ ಸದ್ದು, ಬಿಟ್ಟಿದ್ದರೆ ಖಾಲಿ ಡಬ್ಬದ ಸದ್ದು. ಖಾಲಿ ಸದ್ದು ಬಂದಲ್ಲಿ ಒಂದು ಇಂಟು. ಸಂಜೆ ಆ ಕೋಣೆಯ ನಂಬರನ್ನು ಮಗಳ ಶೆಡ್ಡಿನಲ್ಲಿ ಕೊಟ್ಟರೆ ಮುಗಿಯಿತು. ಕಂಪ್ಯೂಟರಿನಲ್ಲಿ ಆ ಕೋಣೆ ಯಾರ ಹೆಸರಿನಲ್ಲಿದೆಯೋ ಅವನಿಗೆ ಕೂಲಿ ಕಟ್. ಗೋಡೆಯನ್ನು ಕೆತ್ತಿ ಬಿಟ್ಟಿಯಾಗಿ ಮತ್ತೆ ಮಾಡಿಕೊಡಬೇಕು. ಮೂರು ಕೋಣೆ ಹಾಗಾದರೆ ಪರವಾನಗಿ ರದ್ದು. ಪರವಾನಗಿ ಕಂಟ್ರಾಕ್ಟರನ ಕೈಯಲ್ಲೇ ಇದ್ದುದರಿಂದ ರದ್ದಾದವನು ಬೇರೆಲ್ಲೂ ಕೆಲಸ ಕೇಳುವ ಹಾಗಿರಲಿಲ್ಲ. ಶುಕ್ರವಾರದ ವ್ಯಾನು ಹತ್ತಿ ತನ್ನ ದೇಶಕ್ಕೆ ಹೋಗಬೇಕು.

ಮೇಸ್ತ್ರಿ ಸುಳ್ಳು ಇಂಟು ಹಾಕುವವನಲ್ಲ. ಯಾರ ಮೇಲೆ ಎಷ್ಟು ಕೋಪವಿದ್ದರೂ ಗೋಡೆ ಗಟ್ಟಿ ಎಂದರೆ ಗಟ್ಟಿ. ಇಂಟು ಹಾಕಿದಾಗ ಮಾತ್ರ ಆ ಕೆಲಸದವನನ್ನು ಕರೆದು, ಬೆರಳಿನಿಂದ ಗೋಡೆ ತೋರಿಸಿ, ನಿಧಾನವಾಗಿ ಪಾಠ ಹೇಳುತ್ತಿದ್ದ. "ಗೋಡೆ ನೀರು ಕುಡೀಬೇಕು. ಕುಡೀಬೇಕು. ಗೊತ್ತಾಯ್ತಾ?" ಅವರು ತಲೆ ಆಡಿಸುತ್ತಿದ್ದರು. ಕೆಲವು ದಿನಗಳಲ್ಲಿ ಅರವತ್ತು ಜನಕ್ಕೂ ಆ ಒಂದು ಮಾತು ಚೆನ್ನಾಗಿ ಬಂತು. ಮಧ್ಯಾಹ್ನ ಅವರು ಗೇಟಿನ ನೆರಳಲ್ಲಿ ಡಬ್ಬಿ ಬಿಚ್ಚಿದರೆ ಮೇಸ್ತ್ರಿ ಮೆಟ್ಟಿಲ ತಿರುವಿನಲ್ಲಿ ಒಬ್ಬನೇ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದ. ಗೇಟಿನಲ್ಲಿ ನಂಬರು ಕೂಗುವ ಹೆಂಡತಿಯ ದನಿ ಅಲ್ಲಿಗೂ ಕೇಳುತ್ತಿತ್ತು.

ಎರಡು ವಾರದಲ್ಲಿ ಅಡುಗೆಮನೆಯಲ್ಲಿ ಅಕ್ಕಿ ಉಳಿಯತೊಡಗಿತು.

"ಮೂರನೇ ನಂಬರು ಬೇಡವಂತೆ" ಎಂದಳು ಹೆಂಡತಿ ಒಂದು ಬೆಳಗ್ಗೆ, ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಇಡುತ್ತಾ. ಮರುದಿನ ಏಳು ಬೇಡವೆಂದಿತು. ಅದರ ಮರುದಿನ ಹದಿನಾಲ್ಕು. ಕೂಲಿ ಕಟ್ಟಾದವರು ಮೊದಲು ಬಿಡುತ್ತಿದ್ದುದು ಊಟವನ್ನು. ಬ್ರೆಡ್ ಅಂಗಡಿಯವನ ಹಿಂದಿನ ದಿನದ ಬ್ರೆಡ್ಡನ್ನು ಚಹದಲ್ಲಿ ಅದ್ದಿ ದಿನ ತಳ್ಳುತ್ತಿದ್ದರು.

"ನಿಮ್ಮ ಒಂದು ಇಂಟಿಗೆ ನನ್ನ ಒಂದು ಡಬ್ಬಿ" ಎಂದಳು ಅವಳು ಜಗಲಿಗೆ ಬಂದು. "ಆ ಕೈಯಲ್ಲಿ ಸಂಬಳ ತರ್ತೀರಿ, ಈ ಕೈಯಲ್ಲಿ ಒಲೆ ಆರಿಸ್ತೀರಿ."

"ಪೊಳ್ಳಾಗಿದ್ರೆ ಪೊಳ್ಳು ಅನ್ನಬಾರದಾ?"

"ಅನ್ನಿ. ಆದ್ರೆ ಆ ದರಕ್ಕೆ ದಿನಕ್ಕೆ ಎಷ್ಟು ಗೋಡೆ ಮಾಡಬೇಕು ಅವರು? ಹಿಂದಿನ ದಿನ ನೀರು ಕುಡಿಸ್ತಾ ಕೂತ್ಕೊಂಡ್ರೆ ಅವರ ಗಂಟಲಿಗೆ ನೀರು ಯಾರು ಹಾಕ್ತಾರೆ?"

"ಕೆಲಸ ಬಲ್ಲವನು ಯಾವ ದರಕ್ಕೂ ಕೆಲಸ ಕೆಡಿಸಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅಜ್ಜಿ ಬಿಸಿಲಲ್ಲಿ ಕುಳಿತಿದ್ದವಳು ಕೇಳಿಸಿಕೊಂಡಳು. "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ" ಎಂದಳು ಮಗನ ಕೋಲನ್ನು ನೋಡಿ. "ನೀನು ಇಪ್ಪತ್ತಾರು ವರ್ಷ ಕುಂಬಾರನಾಗಿದ್ದೆ ಕಣೋ. ಈಗ ದೊಣ್ಣೆಯಾಗಿದ್ದೀಯ."

ಅಜ್ಜಿಯ ಕುರ್ಚಿಯನ್ನು ದಿನಾ ಬೆಳಗ್ಗೆ ಬಿಸಿಲಿಗೆ ತಂದಿಡುತ್ತಿದ್ದವನು ಹನ್ನೊಂದನೆಯವನು. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ಹೊದಿಕೆ ಹೊದಿಸಿ ಕೆಲಸಕ್ಕೆ ಹೋಗುತ್ತಿದ್ದ. ಯಾರೂ ಹೇಳಿರಲಿಲ್ಲ, ಬಾಡಿಗೆಯಲ್ಲಿ ಕಳೆಯಿರಿ ಎಂದು ಅವನೂ ಕೇಳಿರಲಿಲ್ಲ. ಅವನಿಗೆ ಇಲ್ಲಿಯ ಮಾತು ಒಂದು ನಲವತ್ತು ಬರುತ್ತಿತ್ತು. ಹೆಚ್ಚಿನವು ಊಟದ್ದು, ಉಳಿದವು ಸಿಮೆಂಟಿನದು. ಅವನ ಹೆಸರಿನಲ್ಲಿ ಈಗಾಗಲೇ ಎರಡು ಕೋಣೆಗಳಿಗೆ ಇಂಟು ಬಿದ್ದಿತ್ತು. ಎರಡೂ ಅವನದೇ ತಪ್ಪು; ಅವನೂ ಅದನ್ನು ಒಪ್ಪಿಕೊಂಡು ಗೋಡೆ ಕೆತ್ತಿ ಮತ್ತೆ ಮಾಡಿದ್ದ. ಊಟ ಮಾತ್ರ ಬಿಟ್ಟಿರಲಿಲ್ಲ. "ಅವನು ಕಾಸು ಕಮ್ಮಿ ಕೊಟ್ಟರೂ ನಾನೇ ಹಾಕ್ತಿದೀನಿ" ಎಂದು ಹೆಂಡತಿ ಮಗಳ ಹತ್ತಿರ ಮಾತ್ರ ಹೇಳಿದ್ದಳು.

ಐದನೇ ವಾರ ಮೇಸ್ತ್ರಿ ನಾಲ್ಕನೇ ಅಂತಸ್ತಿಗೆ ಬಂದ. ಕಟ್ಟಡದಲ್ಲಿ ಇನ್ನೂರು ಕೋಣೆ, ಎಲ್ಲ ಒಂದೇ ಅಚ್ಚು. ಸಂಜೆಯ ಮಬ್ಬು ಬೇರೆ. ಒಂದು ಮೂಲೆಯ ಕೋಣೆಯಲ್ಲಿ ಮೂರು ಗೋಡೆ ಗಟ್ಟಿ ಎಂದವು. ನಾಲ್ಕನೆಯದು, ಕಿಟಕಿಯ ಬದಿಯದು, ಮೇಲಿನಿಂದ ಕೆಳಗಿನವರೆಗೂ ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು. ಇಷ್ಟು ಕೆಟ್ಟ ಗೋಡೆಯನ್ನು ಅವನು ಆ ಕಟ್ಟಡದಲ್ಲಿ ನೋಡಿರಲಿಲ್ಲ. ನೀರನ್ನೇ ತೋರಿಸಿಲ್ಲ ಕಳ್ಳರು ಎಂದುಕೊಂಡ. ಒಂದರ ಪಕ್ಕ ಒಂದರಂತೆ ಒಂಬತ್ತು ಇಂಟು ಹಾಕಿದ. ಒಂದು ಸಾಕಾಗಿತ್ತು. ಕೆಳಗೆ ಬಂದು ಕೋಣೆಯ ನಂಬರು ಹೇಳಿದ.

ಮಗಳು ಕೀ ಒತ್ತಿ ನೋಡಿದಳು. "ನಮ್ಮ ಹನ್ನೊಂದರದು ಅಪ್ಪ. ಇದು ಮೂರನೇದು."

"ಯಾರದ್ದಾದ್ರೂ ಅಷ್ಟೇ."

"ಇನ್ನೊಂದ್ಸಲ ಬಡಿದು ನೋಡ್ತೀಯಾ?"

"ಬಡಿದದ್ದು ನನ್ನ ಕೈ, ಕೇಳಿದ್ದು ನನ್ನ ಕಿವಿ. ಬರಿ."

ಅವಳು ಬರೆದಳು. ಮರುದಿನ ಬೆಳಗ್ಗೆ ಪರವಾನಗಿ ರದ್ದಾದ ಕಾಗದವನ್ನೂ ಅವಳೇ ಟೈಪು ಮಾಡಿದಳು. ಹೋಗುವ ಮೊದಲು ಗೋಡೆ ಸರಿಮಾಡಿಕೊಟ್ಟು ಹೋಗಬೇಕು ಎಂದು ಕೊನೆಗೊಂದು ಸಾಲೂ ಇತ್ತು.

ಆ ಮಧ್ಯಾಹ್ನ ಗೇಟಿನಲ್ಲಿ ಹನ್ನೊಂದು ಎಂದು ಕೂಗಿದರೆ ಯಾರೂ ಬರಲಿಲ್ಲ. ಮೇಲಿದ್ದಾನೆ ಎಂದು ಹತ್ತನೆಯವನು ಕೈ ತೋರಿಸಿದ. ಊಟದಮ್ಮ ಉಳಿದ ಡಬ್ಬಿಗಳನ್ನು ಹಂಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಅಂತಸ್ತು ಹತ್ತಿದಳು. ಮೂಲೆಯ ಕೋಣೆಯಲ್ಲಿ ಅವನು ಉಳಿ ಸುತ್ತಿಗೆ ಹಿಡಿದು ಗೋಡೆ ಕೆತ್ತುತ್ತಿದ್ದ. ಅರ್ಧ ಕೆತ್ತಿ ಆಗಿತ್ತು. ಗಾರೆ ದೋಸೆ ಎದ್ದ ಹಾಗೆ ತಾನಾಗಿ ಏಳುತ್ತಿತ್ತು.

"ಅಮ್ಮ, ಅಲ್ಲಿ ಇಡಿ" ಎಂದ.

ಅವಳು ಇಡಲು ಬಗ್ಗಿದಾಗ ಕಿಟಕಿಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಕೆಂಪು ಇಂಟುಗಳ ಅಡಿಯಲ್ಲಿ ಸಣ್ಣ ಸಣ್ಣ ಕಮಾನುಗಳು ಸಾಲಾಗಿ ಕಾಣುತ್ತಿದ್ದವು. ಎಡಕ್ಕೆ ವಾಲಿದ್ದವು. ಅವಳು ತಿರುಗಿ ಉಳಿದ ಮೂರು ಗೋಡೆ ನೋಡಿದಳು. ಅವು ಬಲಕ್ಕೆ ವಾಲಿದ್ದವು. ಮತ್ತೆ ಇದನ್ನು ನೋಡಿದಳು. ಇಪ್ಪತ್ತೆರಡು ವರ್ಷ ನೋಡಿದ್ದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಿರಲಿಲ್ಲ.

"ಇದು ನೀನು ಮಾಡಿದ ಗೋಡೆನಾ?"

ಅವನು ಉಳಿ ಕೆಳಗಿಟ್ಟ. ಹೇಳಲು ಮಾತು ಹುಡುಕಿದ. "ಕೋಣೆ ನನ್ನ ಹೆಸರು" ಎಂದ.

"ಗೋಡೆ?"

ಅವನು ಡಬ್ಬಿಯ ಮುಚ್ಚಳ ತೆಗೆದು ಊಟಕ್ಕೆ ಕುಳಿತ. ಅವಳು ಕೆಳಗಿಳಿದು ಬಂದಳು. ದಾರಿಯುದ್ದಕ್ಕೂ ತಳ್ಳುಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು, ಎಣ್ಣೆ ಹಾಕಬೇಕು ಎಂದುಕೊಂಡಳು. ಬೇರೇನನ್ನೂ ಯೋಚಿಸಲು ಅವಳಿಂದ ಆಗಲಿಲ್ಲ.

ಸಂಜೆ ಮೇಸ್ತ್ರಿ ಸ್ಟೌ ಹಚ್ಚುತ್ತಿದ್ದಾಗ ಅವಳು ಬಂದು ಮೆಟ್ಟಿಲ ಮೇಲೆ ಕುಳಿತಳು. ಮಗಳು ಅಜ್ಜಿಗೆ ತಟ್ಟೆ ಕೊಡುತ್ತಿದ್ದಳು.

"ಆ ಮೂರು ವಾರ ನೀವು ಎಷ್ಟನೇ ಅಂತಸ್ತಲ್ಲಿ ಇದ್ರಿ?"

"ಯಾವ ಮೂರು ವಾರ?"

"ದರ ಇಳಿಸಿದ ಮೇಲೆ. ಬೆಳಗಾಗೋಕೆ ಮುಂಚೆ ಹೋಗ್ತಿದ್ರಲ್ಲ, ಆವಾಗ."

ಬೆಂಕಿಕಡ್ಡಿ ಅವನ ಬೆರಳ ತುದಿಯವರೆಗೂ ಉರಿಯಿತು. "ಮೂರು, ನಾಲ್ಕು... ನೆನಪಿಲ್ಲ. ಯಾಕೆ?"

"ಮೂಲೆ ಕೋಣೆ, ಕಿಟಕಿ ಪಕ್ಕದ ಗೋಡೆ. ನಾಳೆ ಬೆಳಕಿರುವಾಗ ಹೋಗಿ ನೋಡಿ. ನನ್ನ ಅಡುಗೆಮನೆ ಗೋಡೆ ಥರಾನೇ ಇದೆ. ಇದು ಗಟ್ಟಿ, ಅದು ಪೊಳ್ಳು. ಅಷ್ಟೇ ವ್ಯತ್ಯಾಸ."

"ನಾನು ನೀರು ಕುಡಿಸದೆ ಗೋಡೆ ಮುಟ್ಟೋನಲ್ಲ!"

"ಹೌದಾ?" ಎಂದಳು.

ಅಜ್ಜಿ ಅನ್ನ ಅಗಿಯುವುದನ್ನು ನಿಲ್ಲಿಸಿದ್ದಳು. ಮಗಳು ಗೋಡೆಗೆ ಒರಗಿ ನಿಂತು ಸಣ್ಣ ದನಿಯಲ್ಲಿ ಹೇಳಿದಳು. "ನೀನು ಬಿಟ್ಟುಬಂದ ಮೇಲೆ ನಿನ್ನ ಹೆಸರಲ್ಲಿದ್ದ ಕೋಣೆಗಳನ್ನ ಬೇರೆಯವರಿಗೆ ಹಂಚಿ ಬರೆಯೋಕೆ ಹೇಳಿದ್ರು. ಅರ್ಧ ಆಗಿದ್ದನ್ನ ಮುಗಿಸಿದೋರ ಹೆಸರಿಗೆ ಹಾಕಿದೆ. ನಾನೇ ಹಾಕಿದ್ದು."

"ಆವಾಗ ಯಾಕೆ ಹೇಳಲಿಲ್ಲ?"

"ನೀನು ಆವಾಗ ಯಾರ ಹತ್ತಿರ ಮಾತಾಡ್ತಿದ್ದೆ ಅಪ್ಪ?"

ಆ ಸಂಜೆ ಎರಡು ಒಲೆಯ ಅಡುಗೆಯೂ ಹಾಗೇ ಉಳಿಯಿತು. ಅಜ್ಜಿಯೊಬ್ಬಳು ಉಂಡಳು. "ಉಂಡ ಮನೆ ಜಂತೆ ಎಣಿಸೋರನ್ನ ನೋಡಿದ್ದೆ" ಎಂದಳು ಕೈ ತೊಳೆಯುತ್ತಾ. "ತಾನೇ ಕಟ್ಟಿದ ಗೋಡೆ ಬಡಿದು ಇನ್ನೊಬ್ಬನನ್ನ ಬೀದಿಗೆ ಹಾಕೋನನ್ನ ನೋಡಿರಲಿಲ್ಲ." ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

ಬೆಳಗ್ಗೆ ಮೇಸ್ತ್ರಿ ಎಲ್ಲರಿಗಿಂತ ಮೊದಲು ಕಟ್ಟಡಕ್ಕೆ ಹೋದ. ಕೆತ್ತಿ ಉಳಿದ ಅರ್ಧ ಗೋಡೆಯ ಮುಂದೆ ನಿಂತ. ಬಿಸಿಲು ಏರಿದಂತೆ ಕಮಾನುಗಳು ಒಂದೊಂದಾಗಿ ಕಂಡವು. ಎಡಗೈ ಎತ್ತಿ ಒಂದು ಕಮಾನಿನ ಮೇಲೆ ಇಟ್ಟು ಎಳೆದ. ಕೈ ತಾನಾಗಿ ಅದರ ಜಾಡಿನಲ್ಲೇ ಹೋಯಿತು. ಅವನಿಗೆ ಎಲ್ಲ ನೆನಪಾಯಿತು. ಆ ದಿನ ಇನ್ನೂ ಎರಡು ಗೋಡೆ ಮುಗಿದರೆ ಮಾತ್ರ ಹಳೆಯ ಕೂಲಿಯಷ್ಟು ಆಗುತ್ತಿತ್ತು. ನೀರಿನ ಡ್ರಮ್ಮು ಮೂರನೇ ಅಂತಸ್ತಿನಲ್ಲಿತ್ತು. ಒಂದು ಸಲ ತಾನೇ ಎಂದುಕೊಂಡಿದ್ದ. ನಾಚಿಕೆಯಾಗಬೇಕಿತ್ತು, ಅಂಥದ್ದೇನೂ ಆಗಲಿಲ್ಲ. ಮೆಟ್ಟಿಲಿಳಿದು ಶೆಡ್ಡಿಗೆ ನಡೆದ.

ಶೆಡ್ಡಿನಲ್ಲಿ ಕಂಟ್ರಾಕ್ಟರ್ ಚಹ ಕುಡಿಯುತ್ತಿದ್ದ. ಮಗಳು ಕಂಪ್ಯೂಟರಿನ ಮುಂದಿದ್ದಳು.

"ಸಾರ್, ನಾಲ್ಕನೇ ಅಂತಸ್ತು, ಮೂಲೆ ಕೋಣೆ. ಆ ಕೆಟ್ಟ ಗೋಡೆ ನಂದು. ನೀವು ಕಳಿಸ್ತಿರೋ ಹುಡುಗನದಲ್ಲ."

"ಅವನಾ? ಶುಕ್ರವಾರ ಹೋಗೋದು."

"ಹಾಗಾದ್ರೆ ತಡೀಬಹುದಲ್ಲ ಸಾರ್."

ಕಂಟ್ರಾಕ್ಟರ್ ಎದ್ದು ಬಾಗಿಲು ಮುಂದೆ ಮಾಡಿದ. ಕೆಟ್ಟ ಮನುಷ್ಯನ ಹಾಗೆ ಮಾತಾಡಲಿಲ್ಲ. ಹಲ್ಲುನೋವಿನವನ ಹಾಗೆ ಮಾತಾಡಿದ. "ಮೇಸ್ತ್ರಿ, ಕಾಗದ ಹೋಗಿ ಆಯ್ತು. ಅವನ ಜಾಗಕ್ಕೆ ಇನ್ನೊಬ್ಬನನ್ನ ಕೇಳಿಯೂ ಆಯ್ತು. ಈಗ ನಾನು ಪರೀಕ್ಷೆ ಮಾಡೋನ ಗೋಡೆನೇ ಪೊಳ್ಳು ಅಂತ ಬರೆದುಕೊಟ್ರೆ ಏನಾಗುತ್ತೆ ಹೇಳಿ? ನೀವು ಬಡಿದ ಕೋಣೆನೆಲ್ಲ ಮತ್ತೆ ಬಡಿಸ್ತಾರೆ. ಅಲ್ಲೀವರೆಗೂ ನನಗೆ ಬಿಲ್ ಪಾಸಾಗಲ್ಲ. ಅರವತ್ತು ಜನಕ್ಕೆ ಕೂಲಿ ಇಲ್ಲ. ಅವರಿಗೆ ಕೂಲಿ ಇಲ್ಲ ಅಂದ್ರೆ ನಿಮ್ಮ ಮನೆಯೋರ ಡಬ್ಬಿ ಇಲ್ಲ. ಈ ಹುಡುಗಿಗೆ ಕುರ್ಚಿ ಇಲ್ಲ. ನಿಮಗಂತೂ ಕೋಲಿಲ್ಲ."

"ಅವನು?"

"ಅವನಿಗೆ ಗೋಡೆ ಎಲ್ಲಾದ್ರೂ ಸಿಗುತ್ತೆ. ಜಗತ್ತು ತುಂಬ ಗೋಡೆನೇ."

ಮೇಸ್ತ್ರಿ ನಿಂತೇ ಇದ್ದ. ಹಾಗಾದರೆ ಕೋಲು ತಗೊಳ್ಳಿ ಎನ್ನಬಹುದಿತ್ತು. ಆ ಮಾತು ನಾಲಿಗೆಯವರೆಗೆ ಬಂದದ್ದು ಮಗಳಿಗೆ ಕಂಡಿತು. ಅವಳು ಪರದೆಯ ಕಡೆಗೆ ತಿರುಗಿಕೊಂಡಳು. ಅವನು ಹೇಳಬೇಕು ಎಂದು ಅವಳಿಗೆ ಅನಿಸಿತು, ಹೇಳಬಾರದು ಎಂದೂ ಅನಿಸಿತು, ಎರಡೂ ಅಷ್ಟೇನೂ ಜೋರಾಗಿ ಅನಿಸಲಿಲ್ಲ. ಮೇಸ್ತ್ರಿ ಕೋಲು ತೆಗೆದುಕೊಂಡು ಐದನೇ ಅಂತಸ್ತಿಗೆ ಹೋದ.

ಶುಕ್ರವಾರ ಬೆಳಗ್ಗೆ ಹನ್ನೊಂದನೆಯವನು ಎಂದಿನ ಹಾಗೆ ಕುರ್ಚಿಯನ್ನು ಬಿಸಿಲಿಗೆ ತಂದಿಟ್ಟ. ಅಜ್ಜಿಯನ್ನು ಎತ್ತಿ ಕೂರಿಸಿ ಕಾಲಿಗೆ ಹೊದಿಕೆ ಹೊದಿಸಿದ. ಅವಳು ಅವನ ಅಂಗಿಯ ತುದಿ ಹಿಡಿದುಕೊಂಡಳು. "ನಾಳೆ ಯಾರೋ ಮಗನೇ?" ಎಂದಳು. ಅವನಿಗೆ ನಾಳೆ ಎಂಬ ಮಾತು ಗೊತ್ತಿತ್ತು. ತಲೆ ಅಲ್ಲಾಡಿಸಿದ.

ಡಬ್ಬಿಯನ್ನು ಹಿಂದಿನ ದಿನವೇ ತೊಳೆದು, ಒರೆಸಿ, ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟಿದ್ದ. ಊಟದಮ್ಮ ದಾರಿಗೆಂದು ಬೇಯಿಸಿದ ಮೊಟ್ಟೆ, ರೊಟ್ಟಿ ಕಟ್ಟಿಕೊಟ್ಟಳು. ಬಾಡಿಗೆಯ ಮುಂಗಡ ಹಿಂದಕ್ಕೆ ಕೊಟ್ಟಳು. ಇನ್ನೇನಾದರೂ ಕೊಡಬೇಕೆಂದು ಸುತ್ತ ನೋಡಿದಳು; ಬರೀ ಪಾತ್ರೆಗಳಿದ್ದವು.

ಮೇಸ್ತ್ರಿ ಹಿತ್ತಿಲಲ್ಲಿದ್ದ. ಕೋಣೆಯ ಬೀಗದ ಕೈ ಕೊಡಲು ಹನ್ನೊಂದನೆಯವನು ಅಲ್ಲಿಗೇ ಬಂದ. ಇಬ್ಬರೂ ಹಚ್ಚದ ಸ್ಟೌನ ಆಚೆ ಈಚೆ ನಿಂತರು.

"ಆ ಗೋಡೆ..." ಎಂದ ಮೇಸ್ತ್ರಿ.

ಹನ್ನೊಂದನೆಯವನು ತನಗೆ ಬರುತ್ತಿದ್ದ ನಲವತ್ತು ಮಾತುಗಳಲ್ಲಿ ಬೇಕಾದವನ್ನು ಹುಡುಕಿ ತೆಗೆದ. ಅವನ್ನು ಕಲಿಸಿದವನು ಮೇಸ್ತ್ರಿಯೇ.

"ಗೋಡೆ ನೀರು ಕುಡೀಲಿಲ್ಲ, ಮೇಸ್ತ್ರಿ" ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಕೆಲಸದವನು ಕೆಲಸದವನಿಗೆ ಹೇಳಿದ ಮಾತು, ಅಷ್ಟೇ. ಉಳಿ ಹಿಡಿದ ಮೊದಲ ದಿನವೇ ಅವನಿಗೆ ಗೊತ್ತಿತ್ತು. ಗೋಡೆಯ ಕೆಲಸ ಮಾಡುವವರು ಯಾರಾದರೂ ಕಮಾನು ನೋಡುತ್ತಾರೆ. ಕಟ್ಟಡದಲ್ಲಿ ಎಡಗೈಯವನು ಇನ್ನೊಬ್ಬನಿರಲಿಲ್ಲ. ಅಂದರೆ ಉಳಿದವರಿಗೂ ಗೊತ್ತಿತ್ತು. ಐದು ವಾರ ಮೇಸ್ತ್ರಿ ಪಾಠ ಹೇಳುವಾಗ ತಲೆ ಆಡಿಸಿದವರಿಗೆ, ಎಲ್ಲರಿಗೂ.

ಬೀದಿಯ ಕೊನೆಯಲ್ಲಿ ವ್ಯಾನು ಹಾರನ್ ಹೊಡೆಯಿತು. ಹನ್ನೊಂದನೆಯವನು ಬೀಗದ ಕೈಯನ್ನು ಸ್ಟೌ ಮೇಲಿಟ್ಟು ಹೋದ.

ಮೇಸ್ತ್ರಿ ಅಂದು ಸ್ಟೌ ಹಚ್ಚಲಿಲ್ಲ. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು ಕೆಲಸಕ್ಕೆ ಹೋದ. ಹೆಂಡತಿ ನೋಡಿದಳು. ಒಳಗೆ ಹೋಗಿ ಹನ್ನೆರಡು ಡಬ್ಬಿ ತುಂಬಿದಳು. ಹೊಸ್ತಿಲಲ್ಲಿದ್ದ ಡಬ್ಬಿಯ ಮುಂದೆ ಸ್ವಲ್ಪ ಹೊತ್ತು ಸೌಟು ಹಿಡಿದು ನಿಂತು, ಅದನ್ನೂ ತುಂಬಿದಳು.

ಮಧ್ಯಾಹ್ನ ಮೇಸ್ತ್ರಿ ಮೆಟ್ಟಿಲ ತಿರುವಿಗೆ ಹೋಗಲಿಲ್ಲ. ಅಲ್ಲಿ ಮಾಡುವುದೇನೂ ಇರಲಿಲ್ಲ. ಕೆಳಗೆ ಬಂದು ಗೇಟಿನ ನೆರಳಿನಲ್ಲಿ, ಕೆಲಸದವರಿಂದ ನಾಲ್ಕು ಮಾರು ದೂರ, ಸಿಮೆಂಟು ಚೀಲದ ಮೇಲೆ ಕುಳಿತ. ತಳ್ಳುಗಾಡಿ ಕಿರುಗುಟ್ಟುತ್ತಾ ಬಂತು. ಅವಳು ನಂಬರು ಕೂಗತೊಡಗಿದಳು. ಒಬ್ಬೊಬ್ಬರೇ ಬಂದು ಡಬ್ಬಿ ತೆಗೆದುಕೊಂಡು ಹೋಗಿ ಕುಳಿತರು.

"ಹತ್ತು."

ಹತ್ತನೆಯವನು ಬಂದು ತೆಗೆದುಕೊಂಡ.

"ಹನ್ನೊಂದು."

ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿದರು. ಊಟದಮ್ಮನಿಗೆ ಮರೆತಿದೆ ಎಂದು ಹತ್ತನೆಯವನು ಕೈಯಲ್ಲಿ ವ್ಯಾನು ಹೋದ ದಿಕ್ಕು ತೋರಿಸಿದ. ಅವಳು ಅವನ ಕಡೆ ನೋಡಲಿಲ್ಲ. ಗಂಡನ ಕಡೆಯೂ ನೋಡಲಿಲ್ಲ. ಡಬ್ಬಿಯನ್ನು ಎತ್ತಿ ಹಿಡಿದುಕೊಂಡು ಮತ್ತೆ ಕೂಗಿದಳು.

"ಹನ್ನೊಂದು."

ಮೇಸ್ತ್ರಿ ಕೋಲನ್ನು ಗೇಟಿಗೆ ಒರಗಿಸಿ ಎದ್ದ. ಡಬ್ಬಿ ಬಿಚ್ಚುತ್ತಿದ್ದವರು ಬಿಚ್ಚುವುದನ್ನು ನಿಲ್ಲಿಸಿದರು. ಅವರ ಮಧ್ಯದಿಂದ ನಡೆದು ಗಾಡಿಯ ಹತ್ತಿರ ಬಂದು, ಎಲ್ಲರೂ ನೋಡುತ್ತಿರುವಂತೆ, ಎಡಗೈ ಚಾಚಿದ. ಅವಳು ಡಬ್ಬಿಯನ್ನು ಆ ಕೈಗೆ ಕೊಟ್ಟಳು.

"ಹನ್ನೆರಡು" ಎಂದು ಕೂಗಿದಳು.